ಮೊಮ್ಮಗು ಬೇರೆ ರಾಜ್ಯದಲ್ಲಿದೆ, ಕಸ್ಟಡಿ ಕೇಳಬಹುದಾ? ಮಲೆನಾಡಿನ ಅಜ್ಜ-ಅಜ್ಜಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಈಗ ಇರುವುದು ವಯಸ್ಸಾದ ಇಬ್ಬರೇ. ಮಗ ಹೈದರಾಬಾದಿನಲ್ಲಿ, ಮಗಳು ಪುಣೆಯಲ್ಲಿ, ಮೊಮ್ಮಕ್ಕಳು ಬೇಸಿಗೆ ರಜೆಗೆ ಬಂದರೆ ಬಂದರು. ಹೀಗಿರುವಾಗ ಮಗಳೋ ಮಗನೋ ತೀರಿಕೊಂಡರೆ, ಅಥವಾ ಸಂಸಾರ ಒಡೆದು ಮಗುವನ್ನು ನೋಡುವವರಿಲ್ಲದ ಹಾಗಾದರೆ, ಮೊದಲು ಬಾಯಿಗೆ ಬರುವ ಮಾತು "ಮಗುವನ್ನು ನಾವು ಕರೆತರ್ತೀವಿ" ಅಂತ. ಆಮೇಲೆ ಶುರುವಾಗುತ್ತೆ ಕೋರ್ಟು, ಭಾಷೆ ಬಾರದ ಊರು, ಗೊತ್ತಿಲ್ಲದ ವಕೀಲರು. ಕಾನೂನು ನೆರವಿನ ಕೆಲಸದಲ್ಲಿ ಸ್ವಯಂಸೇವಕಿಯಾಗಿ ಇಂಥ ಹಿರಿಯರ ಜೊತೆ ಕೂತು ಮಾತಾಡುತ್ತಾ ಬಂದಿದ್ದೇನೆ. ಅವರು ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಕೇಸಿಗೆ ವಕೀಲರು ಬೇಕೇ ಬೇಕು. ಆದರೆ ಅವರ ಹತ್ತಿರ ಹೋಗುವ ಮೊದಲು ಇಷ್ಟು ಗೊತ್ತಿದ್ದರೆ ದಾರಿ ತಪ್ಪುವುದಿಲ್ಲ.

ಅಜ್ಜ-ಅಜ್ಜಿಗೆ ಕಸ್ಟಡಿ ಕೇಳುವ ಹಕ್ಕು ಇದೆಯಾ?

ಕೇಳಬಹುದು. ಕಸ್ಟಡಿ ಅಂದರೆ ಮಗುವನ್ನು ಹತ್ತಿರ ಇಟ್ಟುಕೊಂಡು ಸಾಕುವುದು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಅಂತ ಒಂದು ಹಳೇ ಕಾನೂನಿದೆ, ಇವತ್ತಿಗೂ ಎಲ್ಲಾ ಧರ್ಮದವರಿಗೂ ಅದೇ ಆಧಾರ. ಮಗುವಿನ ಸಂಬಂಧಿಕರು ಯಾರು ಬೇಕಾದರೂ ಅದರಲ್ಲಿ ಅರ್ಜಿ ಹಾಕಬಹುದು. ಹಿಂದೂಗಳಿಗೆ ಅದರ ಜೊತೆಗೆ 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವದ ಕಾಯ್ದೆಯೂ ಅನ್ವಯವಾಗುತ್ತದೆ. ಆದರೆ ಕೇಳುವ ಹಕ್ಕು ಬೇರೆ, ಸಿಗುವುದು ಬೇರೆ. ತಂದೆ ತಾಯಿ ಬದುಕಿದ್ದರೆ ಕಾನೂನಿನ ಕಣ್ಣಲ್ಲಿ ಅವರೇ ಮೊದಲು. ನೀವು ಅವರನ್ನು ದಾಟಿ ಹೋಗಬೇಕಾದರೆ, ಮಗುವಿನ ಒಳಿತು ನಿಮ್ಮ ಹತ್ತಿರವೇ ಇದೆ ಅಂತ ತೋರಿಸಬೇಕು. "ನಮ್ಮ ರಕ್ತ" ಅನ್ನುವುದು ಅಷ್ಟಕ್ಕೆ ಸಾಲುವುದಿಲ್ಲ.

ನಾವು ಸಾಗರದಲ್ಲಿದ್ದೇವೆ, ಮಗು ಪುಣೆಯಲ್ಲಿದೆ. ಕೇಸ್ ಎಲ್ಲಿ ಹಾಕಬೇಕು?

ಪುಣೆಯಲ್ಲಿ. ಇದನ್ನು ಕೇಳಿ ಜನ ಕುಸಿದು ಹೋಗುತ್ತಾರೆ, ಆದರೂ ಮೊದಲೇ ಹೇಳಿಬಿಡಬೇಕು. ಆ 1890ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಅಲ್ಲಿನ ಕೋರ್ಟಿಗೇ ಅಧಿಕಾರ. ಅರ್ಜಿ ಹಾಕುವವರ ಊರು ಲೆಕ್ಕಕ್ಕೆ ಬರುವುದಿಲ್ಲ. ಮಗು ಹುಟ್ಟಿದ ಊರೂ ಲೆಕ್ಕಕ್ಕಿಲ್ಲ, ಬಾಣಂತನ ಇಲ್ಲೇ ಆಗಿದ್ದು, ಹೆಸರಿಟ್ಟಿದ್ದೂ ಇಲ್ಲೇ ಅಂದರೂ ಅಷ್ಟೆ. ಫ್ಯಾಮಿಲಿ ಕೋರ್ಟ್ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಮಗಳು ಕಾಯಿಲೆ ಬಿದ್ದಾಗ ಮಗುವನ್ನು ನಿಮ್ಮ ಹತ್ತಿರ ಬಿಟ್ಟು, ಅಂಗನವಾಡಿಗೆ ಇಲ್ಲೇ ಸೇರಿಸಿ, ಆಮೇಲೆ ಒಂದನೇ ಕ್ಲಾಸೂ ಇಲ್ಲೇ ಆಗಿ, ಮಗು ನಿಮ್ಮ ಮನೆಯಲ್ಲೇ ಬೆಳೆದಿದ್ದರೆ ಅದರ ವಾಸದ ಊರು ಇದೇ. ಆಗ ಶಿವಮೊಗ್ಗದಲ್ಲೇ ಕೇಸ್ ಹಾಕಬಹುದು. ಅಪ್ಪ ಪುಣೆಯಲ್ಲಿ ಕೇಸ್ ಹಾಕಿದರೂ ಅಲ್ಲಿ ತಕರಾರು ಎತ್ತಬಹುದು. ಎಲ್ಲಿ ವಾಸ ಅನ್ನುವುದನ್ನು ಕೋರ್ಟು ಆಯಾ ಕೇಸಿನ ಸಂಗತಿ ನೋಡಿ ತೀರ್ಮಾನ ಮಾಡುತ್ತದೆ. ಶಾಲೆಯ ಹಾಜರಿ, ಲಸಿಕೆ ಹಾಕಿಸಿದ ಜಾಗ, ಡಾಕ್ಟರ ಚೀಟಿ ಇವೆಲ್ಲ ಅಲ್ಲಿ ಮಾತಾಡುತ್ತವೆ.

ರಜೆಗೆ ಬಂದ ಮಗುವನ್ನು ಇಲ್ಲೇ ಉಳಿಸಿಕೊಂಡು, ಇಲ್ಲಿಯ ಶಾಲೆಗೆ ಸೇರಿಸಿ, ಆಮೇಲೆ ಕೇಸ್ ಹಾಕಿದರೆ?

ಬೇಡ. ದಯವಿಟ್ಟು ಮಾಡಬೇಡಿ. ಹೀಗೆ ಸಲಹೆ ಕೊಡುವವರು ಊರಲ್ಲಿ ಯಾವಾಗಲೂ ಒಬ್ಬರು ಇರುತ್ತಾರೆ. ಕೇಸ್ ಹಾಕಲೆಂದೇ ಮಗುವನ್ನು ತಂದು ಇಟ್ಟುಕೊಂಡಿದ್ದಾರೆ ಅಂತ ಕೋರ್ಟಿಗೆ ಕಂಡರೆ ಇಲ್ಲಿಯ ಅಧಿಕಾರವೂ ಹುಟ್ಟುವುದಿಲ್ಲ, ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಜೊತೆಗೆ ಕಾನೂನುಬದ್ಧ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಕರೆದೊಯ್ದರೆ ಭಾರತೀಯ ನ್ಯಾಯ ಸಂಹಿತೆಯ 137ನೇ ಸೆಕ್ಷನ್ನಿನಲ್ಲಿ ಅಪಹರಣದ ದೂರು ಆಗಬಹುದು. ಎಪ್ಪತ್ತು ವರ್ಷದ ಅಜ್ಜ ಬೇರೆ ರಾಜ್ಯದ ಪೊಲೀಸ್ ಠಾಣೆ ಮೆಟ್ಟಿಲು ಹತ್ತುವ ಹಾಗಾಗುವುದು ಬೇಕಾ? ಎಲ್ಲಕ್ಕಿಂತ ಮುಖ್ಯ, ಅಮ್ಮನನ್ನು ಕಳೆದುಕೊಂಡ ಮಗುವಿಗೆ ಒಂದು ದಿನ ಇದ್ದಕ್ಕಿದ್ದಂತೆ ಶಾಲೆ, ಗೆಳೆಯರು, ಅಪ್ಪ ಎಲ್ಲವೂ ತಪ್ಪಿಹೋಗುತ್ತದೆ. ಅದರ ಭಾರ ಹೊರುವುದು ಮಗು.

ಮಗು ನಿಜವಾಗಿಯೂ ಅಪಾಯದಲ್ಲಿದ್ದರೆ, ಹೊಡೆತ, ಹಸಿವು, ಕುಡಿದು ಬೀಳುವ ಮನೆ ಅಂತಿದ್ದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದೇಶದ ಯಾವ ಮೂಲೆಯಿಂದಲೂ ಮಾಡಬಹುದು. ಆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಬರಹದಲ್ಲಿ ದೂರು ಕಳಿಸಿ. ಅದರ ಪ್ರತಿ ನಿಮ್ಮ ಹತ್ತಿರ ಇರಲಿ.

ಮಗಳು ತೀರಿಕೊಂಡಳು, ಅಳಿಯ ಇದ್ದಾನೆ, ಇನ್ನೊಂದು ಮದುವೆ ಆಗಿದ್ದಾನೆ. ನಮಗೆ ಸಿಗುತ್ತಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಅತಿ ಕಷ್ಟದ್ದೂ ಇದೇ. ತಾಯಿ ಹೋದ ಮೇಲೆ ತಂದೆಯೇ ಸಹಜ ಪೋಷಕ, ಅಂದರೆ ಕೋರ್ಟು ನೇಮಿಸದೆಯೇ ಕಾನೂನು ಒಪ್ಪುವ ಗಾರ್ಡಿಯನ್. ಅವನು ಅಯೋಗ್ಯ ಅಂತ ಕೋರ್ಟಿಗೆ ಅನ್ನಿಸದೆ ಬೇರೆಯವರನ್ನು ಗಾರ್ಡಿಯನ್ ಮಾಡುವುದಕ್ಕೆ 1890ರ ಕಾಯ್ದೆಯ 19ನೇ ಸೆಕ್ಷನ್ ಅಡ್ಡ ಬರುತ್ತದೆ. ಎರಡನೇ ಮದುವೆ ಆದ ಮಾತ್ರಕ್ಕೆ ಯಾರೂ ಅಯೋಗ್ಯರಾಗುವುದಿಲ್ಲ.

ತೀರ್ಪುಗಳು ಎರಡೂ ಕಡೆ ಇವೆ. 2019ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಕೇಸಿನಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು, ಮಗುವನ್ನು ಆಕೆಯ ಒಡಹುಟ್ಟಿದವರು ಪ್ರೀತಿಯಿಂದ ಸಾಕಿದ್ದರು. ಆದರೂ ಮಗು ಅಪ್ಪನಿಗೆ ಹೋಯಿತು. 2025ರಲ್ಲೂ ಹಾಗೇ, ತಾಯಿಯ ಸಾವಿನ ನಂತರ ಅಜ್ಜನ ಮನೆಯಲ್ಲಿದ್ದ ಮಗುವನ್ನು ಅಪ್ಪನಿಗೆ ಕೊಡಿ ಅಂತ ಆದೇಶವಾಯಿತು, ಸಹಜ ಪೋಷಕನಾದ ತಂದೆಗಿಂತ ಅಜ್ಜ-ಅಜ್ಜಿಯ ಹಕ್ಕು ಮೇಲಲ್ಲ ಅಂತ ಕೋರ್ಟು ಹೇಳಿತು. ಇನ್ನೊಂದು ಕಡೆ ನಮ್ಮ ಬೆಂಗಳೂರಿನದೇ ಕೇಸಿದೆ. ತಾಯಿ ತೀರಿಕೊಂಡು, ತಂದೆ ಮತ್ತೆ ಮದುವೆಯಾಗಿ, ಮಕ್ಕಳು ತಾಯಿಯ ಕಡೆಯವರ ಹತ್ತಿರ ಬೆಳೆಯುತ್ತಿದ್ದರು. ಮುಖ್ಯ ಕೇಸ್ ತೀರ್ಮಾನವಾಗುವವರೆಗೆ ಮಕ್ಕಳನ್ನು ಅಲ್ಲಿಂದ ಕದಲಿಸಬೇಡಿ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇದರಿಂದ ತಿಳಿಯುವುದು, ಮಗು ಈಗ ಯಾರ ಹತ್ತಿರ ಎಷ್ಟು ಸಮಯದಿಂದ ನೆಮ್ಮದಿಯಾಗಿದೆ ಅನ್ನುವುದಕ್ಕೆ ಬಹಳ ಬೆಲೆ ಇದೆ. ಮಗು ಅಪ್ಪನ ಮನೆಯಲ್ಲೇ ಹೊಂದಿಕೊಂಡು ಚೆನ್ನಾಗಿದ್ದರೆ, ಕಸ್ಟಡಿ ಬಿಟ್ಟು ಭೇಟಿಯ ಹಕ್ಕು ಕೇಳಿ ಅಂತಲೇ ನಾನು ಹೇಳುತ್ತೇನೆ. ರಜೆಯಲ್ಲಿ ಕೆಲವು ವಾರ, ಹಬ್ಬಕ್ಕೆ ಒಂದೆರಡು ದಿನ, ವಾರಕ್ಕೆ ಇಷ್ಟು ಫೋನು. ಅಳಿಯನ ಜೊತೆ ಮಾತು ಪೂರ್ತಿ ಕಡಿದುಕೊಳ್ಳಬೇಡಿ. ಕೋಪದಲ್ಲಿ ಕಳಿಸಿದ ಒಂದು ವಾಯ್ಸ್ ಮೆಸೇಜು ಆಮೇಲೆ ಕೋರ್ಟಿನ ಫೈಲಿನಲ್ಲಿ ಕೂತಿರುತ್ತದೆ.

ಅಳಿಯನ ಮೇಲೆಯೇ ಮಗಳ ಸಾವಿನ ಕೇಸ್ ಇದೆ. ಆಗಲೂ ಅವನೇ ಸಹಜ ಪೋಷಕನಾ?

ಕಾಗದದ ಮೇಲೆ ಹೌದು, ಆದರೆ ಆ ಕೇಸನ್ನು ಕೋರ್ಟು ಕಣ್ಣುಮುಚ್ಚಿ ದಾಟುವಂತಿಲ್ಲ. 2008ರ ಪಶ್ಚಿಮ ಬಂಗಾಳದ ಕೇಸೊಂದರಲ್ಲಿ ಇದೇ ಆಗಿತ್ತು. ಅಪ್ಪನ ಮೇಲೆ ಹೆಂಡತಿಯ ಸಾವಿಗೆ ಸಂಬಂಧಿಸಿದ ಕ್ರಿಮಿನಲ್ ಕೇಸ್ ಇತ್ತು, ಮಗು ತಾಯಿಯ ಅಪ್ಪ-ಅಮ್ಮನ ಹತ್ತಿರ ಇತ್ತು. ಕೆಳಗಿನ ಕೋರ್ಟುಗಳು ಅಪ್ಪನಿಗೆ ಕೊಡಿ ಅಂದಿದ್ದವು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಅಜ್ಜ-ಅಜ್ಜಿಯ ಹತ್ತಿರವೇ ಉಳಿಸಿತು. ಎಫ್‌ಐಆರ್, ಚಾರ್ಜ್‌ಶೀಟ್, ಮರಣೋತ್ತರ ವರದಿ ಇವುಗಳ ದೃಢೀಕೃತ ಪ್ರತಿಗಳನ್ನು ಕಸ್ಟಡಿ ಅರ್ಜಿಯ ಜೊತೆಗೇ ಕೊಡಿ. ಅವು ಇನ್ನೊಂದು ಕೋರ್ಟಿನಲ್ಲಿವೆ, ಬೇಕಾದರೆ ತರಿಸಿಕೊಳ್ಳುತ್ತಾರೆ ಅಂತ ಸುಮ್ನೆ ಕೂರಬೇಡಿ.

ಮಗ ತೀರಿಕೊಂಡ. ಸೊಸೆ ಬೇರೆ ರಾಜ್ಯದವಳು, ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಏನು ಮಾಡಲಿ?

ಆಕೆ ತಾಯಿ. ತಂದೆ ಇಲ್ಲದ ಮೇಲೆ ಆಕೆಯೇ ಸಹಜ ಪೋಷಕಿ, ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಅಂತ 1956ರ ಕಾಯ್ದೆಯಲ್ಲೇ ಇದೆ. ತವರಿಗೆ ಹೋಗಿದ್ದು ತಪ್ಪಲ್ಲ. ಮುಂದೆ ಆಕೆ ಮದುವೆಯಾದರೂ ತಾಯಿತನ ಹೋಗುವುದಿಲ್ಲ. 2022ರಲ್ಲಿ ಆಂಧ್ರದ ಒಂದು ಕೇಸಿನಲ್ಲಿ ಗಂಡನ ಅಪ್ಪ-ಅಮ್ಮ ಹೀಗೇ ಪೋಷಕತ್ವ ಕೇಳಿದ್ದರು. ಕೆಳಗಿನ ಕೋರ್ಟು ಮಗುವನ್ನು ತಾಯಿಯಿಂದ ಬೇರೆ ಮಾಡಲು ಒಪ್ಪದೆ, ಅವರಿಗೆ ಭೇಟಿಯ ಅವಕಾಶ ಮಾತ್ರ ಕೊಟ್ಟಿತ್ತು. ಮಗುವಿನ ಸರ್‌ನೇಮ್ ಏನಿರಬೇಕು ಅನ್ನುವುದನ್ನೂ ತಾಯಿಯೇ ತೀರ್ಮಾನಿಸಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು.

ಹಾಗಾಗಿ ಇಂಥ ಕಡೆ ನೋಟಿಸ್‌ಗಿಂತ ಮೊದಲು ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿ. ಮಗನ ಪಾಲಿನ ತೋಟ, ವಿಮೆ ಹಣ, ಆಕೆಯ ಒಡವೆ ಇವುಗಳ ಲೆಕ್ಕ ಮೊದಲು ಸರಿ ಮಾಡಿ. ಎಷ್ಟೋ ಸಲ ಮಗುವನ್ನು ತೋರಿಸದೆ ಇರುವುದರ ಹಿಂದೆ ಇರುವುದು ಇದೇ ಮುನಿಸು.

ಇಬ್ಬರೂ ಇಲ್ಲ. ಆ ಕಡೆ ಅಜ್ಜ-ಅಜ್ಜಿಯೂ ಕೇಳುತ್ತಿದ್ದಾರೆ, ನಾವೂ ಕೇಳುತ್ತಿದ್ದೇವೆ. ನಮಗೆ ವಯಸ್ಸಾಗಿದೆ ಅಂತ ಆಗಲ್ಲ ಅಂತಾರಾ?

ವಯಸ್ಸೊಂದೇ ನೋಡುವುದಿಲ್ಲ. ಕೋವಿಡ್ಡಿನಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಗುಜರಾತಿನ ಬಾಲಕನ ಕೇಸು 2022ರಲ್ಲಿ ಬಂತು. ಹೈಕೋರ್ಟು ಅಜ್ಜ-ಅಜ್ಜಿಗಿಂತ ಕಡಿಮೆ ವಯಸ್ಸಿನ, ಸರ್ಕಾರಿ ಕೆಲಸದಲ್ಲಿರುವ ತಾಯಿಯ ಸೋದರಿಗೆ ಮಗುವನ್ನು ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ತಂದೆಯ ಅಪ್ಪ-ಅಮ್ಮನಿಗೆ ಕೊಟ್ಟಿತು. ಆದಾಯ, ವಯಸ್ಸು, ದೊಡ್ಡ ಕುಟುಂಬ ಅನ್ನುವುದಷ್ಟೇ ಅಳತೆಯಲ್ಲ ಅಂದಿತು.

ಆದರೂ ನಿಮಗೆ ಎಪ್ಪತ್ತಾಗಿದ್ದರೆ, ಮಗುವಿಗೆ ನಾಲ್ಕಾಗಿದ್ದರೆ, ನಾಳೆ ನಿಮಗೇನಾದರೂ ಆದರೆ ಯಾರು ಅಂತ ಜಡ್ಜ್ ಕೇಳಿಯೇ ಕೇಳುತ್ತಾರೆ. ಇನ್ನೊಬ್ಬ ಮಗ-ಸೊಸೆಯೋ, ಮಗಳೋ ಜೊತೆಗೆ ನಿಲ್ಲುತ್ತೇವೆ ಅಂತ ಅಫಿಡವಿಟ್ ಕೊಟ್ಟರೆ ಅರ್ಧ ಚಿಂತೆ ಕಳೆಯುತ್ತದೆ. ನಮ್ಮ ಕಡೆಯ ಇನ್ನೊಂದು ಪ್ರಶ್ನೆ, ಮಳೆಗಾಲ. ಒಂಟಿ ಮನೆ, ಶಾಲೆಗೆ ಹಳ್ಳ ದಾಟಿ ಹೋಗಬೇಕು ಅಂತ ಆ ಕಡೆಯ ವಕೀಲರು ಖಂಡಿತ ಎತ್ತುತ್ತಾರೆ. ಶಾಲೆಯ ವ್ಯಾನ್ ಎಲ್ಲಿಯವರೆಗೆ ಬರುತ್ತದೆ, ಹತ್ತಿರದ ಆಸ್ಪತ್ರೆ ಎಲ್ಲಿದೆ, ಜ್ವರ ಬಂದರೆ ಯಾರ ಗಾಡಿ ಸಿಗುತ್ತದೆ ಅನ್ನುವುದಕ್ಕೆ ಉತ್ತರ ಮೊದಲೇ ಇಟ್ಟುಕೊಳ್ಳಿ.

ಯಾವ ದಾಖಲೆ ಬೇಕು?

ಮಗುವಿನ ಜನನ ಪ್ರಮಾಣಪತ್ರ, ಸತ್ತವರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಆಧಾರ್, ಪಹಣಿ ಅಥವಾ ಪಿಂಚಣಿ ಕಾಗದ, ಶಾಲೆಯ ಮತ್ತು ತಾಯಿ ಕಾರ್ಡಿನ ಪ್ರತಿ. ಗಾರ್ಡಿಯನ್ ಆಗಲು ಒಪ್ಪಿದ್ದೇನೆ ಅನ್ನುವ ಘೋಷಣೆಗೆ ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಹೊರರಾಜ್ಯದ ಕೋರ್ಟಿಗೆ ಕನ್ನಡದ ಕಾಗದಗಳ ಅನುವಾದವೂ ಬೇಕಾಗುತ್ತದೆ.

ಇವು ಎಲ್ಲರೂ ತರುತ್ತಾರೆ. ತರದೇ ಇರುವುದು ಮಗುವಿನ ಜೊತೆಗಿನ ಒಡನಾಟದ ದಾಖಲೆ. ಹೊಸನಗರ ಕಡೆಯ ಒಬ್ಬ ಅಜ್ಜ ಅಡಿಕೆ ಮಂಡಿಯಲ್ಲಿ ಕೊಟ್ಟ ಡೈರಿ ತಂದಿದ್ದರು. ಒಂದು ಪುಟದಲ್ಲಿ ಕೊನೆ ತೆಗೆದವರ ಕೂಲಿ ಲೆಕ್ಕ, ಅದರ ಕೆಳಗೇ "ಪುಟ್ಟಿ ಫೋನು ಮಾಡಿದಳು. ಮುಂದಿನ ಹಲ್ಲು ಬಿತ್ತಂತೆ. ಲೆಕ್ಕದ ಮೇಡಂ ಕಂಡರೆ ಭಯವಂತೆ." ಇನ್ನೊಂದು ಪುಟದಲ್ಲಿ ಶಾಲೆ ಫೀಸಿಗೆ ಕಳಿಸಿದ ಹಣ, ಮಗುವಿನ ಚಪ್ಪಲಿಯ ಅಳತೆಗೆ ಪೆನ್ನಿನಲ್ಲಿ ಎಳೆದ ಪಾದದ ಗೆರೆ. ಕೋರ್ಟಿಗೆ ತೋರಿಸಬೇಕು ಅಂತ ಬರೆದಿದ್ದಲ್ಲ ಅದು. ಅದಕ್ಕೇ ಅದಕ್ಕೆ ತೂಕ ಜಾಸ್ತಿ. ನಿಮ್ಮಲ್ಲೂ ಇಂಥದ್ದು ಏನಾದರೂ ಇರುತ್ತದೆ, ಹುಡುಕಿ. ಫೋಟೋ, ಮೆಸೇಜು ಇರುವ ಹಳೇ ಫೋನನ್ನು ಎಕ್ಸ್‌ಚೇಂಜಿಗೆ ಹಾಕಬೇಡಿ.

ಹೆಬಿಯಸ್ ಕಾರ್ಪಸ್ ಹಾಕಿದರೆ ಬೇಗ ಆಗುತ್ತಂತೆ, ಹೌದಾ?

ಅಕ್ರಮವಾಗಿ ಇಟ್ಟುಕೊಂಡವರನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಹೈಕೋರ್ಟಿಗೆ ಹಾಕುವ ಅರ್ಜಿ ಇದು. ಈ ದಾರಿ ಬೇಗದ್ದೇ, ಆದರೆ ಎಲ್ಲರಿಗೂ ಅಲ್ಲ. ಕಾನೂನಿನ ಪ್ರಕಾರ ಹಕ್ಕಿಲ್ಲದವರ ಕೈಯಲ್ಲಿ ಮಗು ಸಿಕ್ಕಿಬಿದ್ದಾಗ ಅದು ಉಪಯೋಗಕ್ಕೆ ಬರುತ್ತದೆ. ಮಗು ತಂದೆಯ ಹತ್ತಿರವೋ ತಾಯಿಯ ಹತ್ತಿರವೋ ಇದ್ದರೆ ಅಜ್ಜ-ಅಜ್ಜಿಗೆ ಅದರಿಂದ ಪ್ರಯೋಜನ ಕಡಿಮೆ. ಸಾಮಾನ್ಯವಾಗಿ ಮಗು ಇರುವ ರಾಜ್ಯದ ಹೈಕೋರ್ಟಿಗೇ ಹೋಗಬೇಕು. ಕರ್ನಾಟಕದಲ್ಲೇ ಹಾಕುವಂತಿದ್ದರೆ ಶಿವಮೊಗ್ಗ ಜಿಲ್ಲೆಯವರು ಬೆಂಗಳೂರಿಗೆ, ಪಕ್ಕದ ಸಿದ್ದಾಪುರ, ಶಿರಸಿಯವರು ಧಾರವಾಡ ಪೀಠಕ್ಕೆ.

ಇದೇ ಅಸ್ತ್ರ ನಿಮ್ಮ ಮೇಲೂ ಬರಬಹುದು ಅನ್ನುವುದು ನೆನಪಿರಲಿ. ಮಗು ನಿಮ್ಮ ಹತ್ತಿರ ಇದ್ದಾಗ ಅಪ್ಪ ಹೆಬಿಯಸ್ ಕಾರ್ಪಸ್ ಹಾಕಿದರೆ ಗಾಬರಿಯಾಗಬೇಡಿ. 2024ರಲ್ಲಿ ಮಧ್ಯಪ್ರದೇಶದ ಒಂದು ಪುಟ್ಟ ಮಗು ತಾಯಿ ಸತ್ತ ಮೇಲೆ ತಾಯಿಯ ಅಕ್ಕತಂಗಿಯರ ಹತ್ತಿರ ಇತ್ತು. ಅಪ್ಪನಿಗೆ ಒಪ್ಪಿಸಿ ಅಂದ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಗುವನ್ನು ಚರಾಸ್ತಿಯ ಹಾಗೆ ಎತ್ತಿ ಕೊಡಲಾಗದು, ಸ್ಥಳ ಬದಲಾದರೆ ಮಗುವಿಗೆ ಏನಾಗುತ್ತದೆ ಅಂತ ನೋಡಬೇಕು ಅಂದಿತು.

ಪುಣೆ ಕೋರ್ಟಿನಿಂದ ನಮಗೇ ನೋಟಿಸ್ ಬಂದಿದೆ. ಅಷ್ಟು ದೂರ ಹೋಗದಿದ್ದರೆ ಏನಾಗುತ್ತೆ?

ನಿಮ್ಮ ಮಾತು ಕೇಳದೆ ಆದೇಶ ಆಗಿಬಿಡುತ್ತದೆ. ಖಂಡಿತ ಉತ್ತರ ಕೊಡಿ. ಕೇಸನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಸೆಕ್ಷನ್ನಿನಲ್ಲಿ. ಸುಲಭಕ್ಕೆ ಸಿಗುವುದಲ್ಲ. ಅದರ ಬದಲು ಎಲ್ಲಾ ಡೇಟಿಗೂ ನೀವೇ ಬರಬೇಕಾಗಿಲ್ಲದ ಹಾಗೆ, ವಿಡಿಯೋ ಮೂಲಕ ಹಾಜರಾಗಲು ಆ ಕೋರ್ಟಿಗೇ ಅರ್ಜಿ ಕೊಡಿ. ವಯಸ್ಸು, ಕಾಯಿಲೆಯ ಡಾಕ್ಟರ್ ಚೀಟಿ ಲಗತ್ತಿಸಿ. ಸಾಕ್ಷಿ ಹೇಳುವ ದಿನ, ಮಧ್ಯಸ್ಥಿಕೆಯ ದಿನ ಮಾತ್ರ ಹೇಗಾದರೂ ಮಾಡಿ ಖುದ್ದಾಗಿ ಹೋಗಿ. ಕೂತು ಮಾತಾಡಿ ಬಗೆಹರಿದ ಕೇಸುಗಳು ಬೇಕಾದಷ್ಟಿವೆ.

ಖರ್ಚು?

ಅರ್ಜಿಯನ್ನು ಅಜ್ಜಿಯ ಹೆಸರಲ್ಲಿ ಹಾಕಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೂ ಹಾಗೇ. ಹೊರರಾಜ್ಯದ ಕೇಸಿಗೆ ಅಲ್ಲಿಯ ಜಿಲ್ಲಾ ಪ್ರಾಧಿಕಾರ ವಕೀಲರನ್ನು ಕೊಡಬೇಕು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಥವಾ ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ, ಅರ್ಜಿ ಬರೆಸಿ ಕಳಿಸಲು ಸಹಾಯ ಮಾಡುತ್ತಾರೆ.

ಮಗುವನ್ನೇ ಕೇಳುತ್ತಾರಾ?

ತಿಳಿದು ಹೇಳುವ ವಯಸ್ಸಾಗಿದ್ದರೆ ಜಡ್ಜ್ ತಮ್ಮ ಕೊಠಡಿಯಲ್ಲಿ ಕೂರಿಸಿಕೊಂಡು ಮಾತಾಡಿಸುತ್ತಾರೆ. ಇಷ್ಟೇ ವಯಸ್ಸು ಅಂತ ಕಾನೂನಿನಲ್ಲಿಲ್ಲ. ಮಗುವಿನ ಇಷ್ಟವೂ ಒಂದು ಅಂಶ, ಅದೇ ಕೊನೆಯಲ್ಲ. ದಯವಿಟ್ಟು ಮಗುವಿಗೆ ಮಾತು ಕಲಿಸಿ ಕಳಿಸಬೇಡಿ. "ಅಪ್ಪ ಕೆಟ್ಟವನು ಅಂತ ಹೇಳು" ಅಂದರೆ ಮಗು ಹಾಗೇ ಹೇಳುತ್ತದೆ, ಕಲಿಸಿದ ಮಾತು ಅಂತ ಎದುರಿಗಿದ್ದವರಿಗೆ ತಿಳಿಯುತ್ತದೆ, ಆಮೇಲೆ ರಾತ್ರಿ ಅಳುವುದು ಮಗುವೇ.

ಕೇಸ್ ನಡೆಯುವಾಗ ಮಗುವಿನ ಜೊತೆ ಮಾತಾಡಲು ಬಿಡುತ್ತಿಲ್ಲ.

ಮಧ್ಯಂತರ ಆದೇಶ ಕೇಳಿ. 1890ರ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಅವಕಾಶ ಇದೆ. ಅಜ್ಜ-ಅಜ್ಜಿಯ ಭೇಟಿಗೆ ಅಂತ ನಮ್ಮಲ್ಲಿ ಪ್ರತ್ಯೇಕ ಕಾನೂನಿಲ್ಲ, ಆದರೆ ಕೋರ್ಟುಗಳು ಮಗುವಿನ ಒಳಿತು ನೋಡಿ ಕೊಡುತ್ತವೆ. ದೂರದಲ್ಲಿರುವ ತಂದೆಯೋ ತಾಯಿಯೋ ದಿನಕ್ಕೆ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತಾಡುವಂತಿರಬೇಕು ಅಂತ 2020ರ ಸುಪ್ರೀಂ ಕೋರ್ಟ್ ತೀರ್ಪಿದೆ. ನಿಮ್ಮ ವಕೀಲರು ಅದನ್ನು ಆಧಾರವಾಗಿ ಇಟ್ಟು ಕೇಳಬಹುದು. ವಿಡಿಯೋ ಕಾಲ್ ಕೇಳುವಾಗ ನಿಮ್ಮ ಮನೆಯಲ್ಲಿ ಸಿಗ್ನಲ್ ಯಾವ ಹೊತ್ತಿಗೆ ಸಿಗುತ್ತೆ ಅಂತ ನೋಡಿಕೊಂಡು ಸಮಯ ಹೇಳಿ. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಅನ್ನುವ ಊರಿನವರು ರಾತ್ರಿ ಎಂಟಕ್ಕೆ ಒಪ್ಪಿಕೊಂಡು ಬಂದರೆ ಮಳೆಗಾಲದಲ್ಲಿ ಕಷ್ಟ. ಫೋನ್ ಎತ್ತಲಿಲ್ಲ ಅಂತ ಅದೂ ನಿಮ್ಮ ಮೇಲೇ ಬರುತ್ತದೆ.

ಮುಸ್ಲಿಂ ಕುಟುಂಬಗಳಿಗೆ ಬೇರೆ ನಿಯಮ ಇದೆಯಾ?

ಸುನ್ನಿ ಮುಸ್ಲಿಮರಲ್ಲಿ ಹಲವರು ಅನುಸರಿಸುವ ಹನಫಿ ಪದ್ಧತಿಯಲ್ಲಿ ಚಿಕ್ಕ ಮಕ್ಕಳ ಪಾಲನೆಗೆ ತಾಯಿಯ ನಂತರ ತಾಯಿಯ ತಾಯಿ ಬರುತ್ತಾರೆ, ಆಮೇಲೆ ತಂದೆಯ ತಾಯಿ. ಗಂಡು ಮಗುವಿಗೆ ಏಳು ವರ್ಷದವರೆಗೆ, ಹೆಣ್ಣು ಮಗುವಿಗೆ ಮೈನೆರೆಯುವವರೆಗೆ. ಅಲ್ಲೂ ಕೋರ್ಟು ಕೊನೆಗೆ ಮಗುವಿನ ಒಳಿತನ್ನೇ ನೋಡುತ್ತದೆ.

ಮಗುವಿನ ಹೆಸರಲ್ಲಿ ಜಮೀನು, ವಿಮೆ ಹಣ ಇದೆ. ಗಾರ್ಡಿಯನ್ ಆದರೆ ನಾವು ಬಳಸಬಹುದಾ?

ಮಗುವಿಗಾಗಿ ಮಾತ್ರ. ಸ್ಥಿರಾಸ್ತಿ ಮಾರಲು, ಅಡವಿಡಲು ಕೋರ್ಟಿನ ಅನುಮತಿ ಬೇಕು. ಹಣದ ವಿಷಯವನ್ನು ಅರ್ಜಿಯಲ್ಲೇ ಬಿಚ್ಚಿಟ್ಟುಬಿಡಿ, ಮುಚ್ಚಿಟ್ಟರೆ ಆಸ್ತಿಗಾಗಿ ಮಗು ಕೇಳುತ್ತಿದ್ದಾರೆ ಅನ್ನುವ ಆರೋಪ ಬರುತ್ತದೆ. ಸಾಕಲು ಕಷ್ಟ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಂದ್ರ ಸರ್ಕಾರದ ಮಕ್ಕಳ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಕೇಳಿ. ಆದಾಯದ ಮಿತಿಯೊಳಗೆ ಬರುವ ಕುಟುಂಬಕ್ಕೆ ಮಗುವಿಗೆ ತಿಂಗಳಿಗೆ 4,000 ರೂಪಾಯಿಯ ನೆರವು ಅದರಲ್ಲಿದೆ.

ಆದೇಶ ನಮ್ಮ ಪರವಾಗಿ ಬಂತು. ನಾಳೆಯೇ ಊರಿಗೆ ಕರೆತರಬಹುದಾ?

ಆದೇಶ ಓದಿ, ಇನ್ನೊಮ್ಮೆ ಓದಿಸಿ. ಕೋರ್ಟು ನೇಮಿಸಿದ ಗಾರ್ಡಿಯನ್, ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಮಗುವನ್ನು ಕರೆದೊಯ್ಯಲು ಅನುಮತಿ ಪಡೆಯಬೇಕು. 1890ರ ಕಾಯ್ದೆಯ 26ನೇ ಸೆಕ್ಷನ್ ಇದನ್ನು ಹೇಳುತ್ತದೆ, ಹೊರರಾಜ್ಯದ ಕೇಸಿನಲ್ಲಿ ಇದನ್ನು ಮರೆತು ಸಿಕ್ಕಿಹಾಕಿಕೊಳ್ಳುವವರು ಇದ್ದಾರೆ. ಅದಕ್ಕೇ ಮೊದಲ ಅರ್ಜಿಯಲ್ಲೇ "ಮಗುವನ್ನು ಶಿವಮೊಗ್ಗ ಜಿಲ್ಲೆಗೆ ಕರೆದೊಯ್ದು ಅಲ್ಲಿ ಓದಿಸಲು ಅನುಮತಿ ಬೇಕು" ಅಂತ ಒಂದು ಕೋರಿಕೆ ಸೇರಿಸಲು ವಕೀಲರಿಗೆ ಹೇಳಿ. ಆದೇಶದ ದೃಢೀಕೃತ ಪ್ರತಿ ಎರಡು ಮೂರು ತೆಗೆಸಿ, ಶಾಲೆಗೆ, ಬ್ಯಾಂಕಿಗೆ, ಆಧಾರ್ ವಿಳಾಸ ಬದಲಿಸಲು ಬೇಕಾಗುತ್ತದೆ. ಅಲ್ಲಿಯ ಶಾಲೆಯಿಂದ ಟಿಸಿ ತರದೆ ಹೊರಡಬೇಡಿ. ಆ ಕಡೆಯವರಿಗೆ ಭೇಟಿಯ ದಿನ ಗೊತ್ತುಮಾಡಿದ್ದರೆ ಮೊದಲ ಭೇಟಿಯನ್ನು ಯಾವ ನೆಪಕ್ಕೂ ತಪ್ಪಿಸಬೇಡಿ, ಅವರು ಶಿವಮೊಗ್ಗಕ್ಕೆ ಬಂದರೆ ಸ್ಟೇಷನ್ನಿಗೆ ಮಗುವನ್ನು ಕರೆದುಕೊಂಡು ನೀವೇ ಹೋಗಿ.